ಹಳೆಯ ಏರ್ ಹಾರ್ನ್ ಪಾಲಿಶ್‌ಗೆ ಕೊಡುವ ಮುನ್ನ ದಯವಿಟ್ಟು ಓದಿ

ಜನವರಿಯ ಒಂದು ಬೆಳಿಗ್ಗೆ ಕಾರವಾರದ ಕಾಳಿ ನದಿಯ ಅಳಿವೆಯಲ್ಲಿ ನಮ್ಮ ಬೋಟಿನ ಹಾರ್ನ್ ಕೂಗಲಿಲ್ಲ. ಮಂಜು ದಟ್ಟವಾಗಿ ಕವಿದಿತ್ತು. ಸದಾಶಿವಗಡದ ಗುಡ್ಡವೇ ಕಾಣುತ್ತಿರಲಿಲ್ಲ. ಎಲ್ಲೋ ಹತ್ತಿರದಲ್ಲಿ ಇಂಜಿನ್ ಸದ್ದು. ಯಾವ ಕಡೆ ಅಂತ ಗೊತ್ತಾಗುತ್ತಿಲ್ಲ. ಚಿಕ್ಕಪ್ಪ ಗುಂಡಿ ಒತ್ತಿದರು. ಮೇಲಿನಿಂದ ಬುಸ್ಸೆಂದು ಗಾಳಿ ಮಾತ್ರ ಬಂತು. ಮತ್ತೆ ಒತ್ತಿದರು, ಮತ್ತೆ ಅದೇ. ನಾನು ಮುಂದಿನ ಡೆಕ್‌ಗೆ ಓಡಿ ಸ್ಟೀಲ್ ತಟ್ಟೆ ಬಡಿಯುತ್ತಾ ಕೂಗಿದೆ. ಬೈತಖೋಲದ ಕಡೆ ಹೊರಟಿದ್ದ ಒಂದು ಮೀನುಗಾರಿಕೆ ಬೋಟ್ ಮಂಜಿನೊಳಗಿಂದ ಎದ್ದು ಬಂದು, ಏಳೆಂಟು ಮಾರು ದೂರದಲ್ಲಿ ಹಾದುಹೋಯಿತು. ಅದನ್ನು ನಡೆಸುತ್ತಿದ್ದ ತಾಂಡೇಲನ ಮುಖ ಇನ್ನೂ ನನ್ನ ಕಣ್ಣ ಮುಂದಿದೆ.

ಆ ಹಾರ್ನ್ ರಿಪೇರಿಯಾಗಿ ಬಂದು ಆಗ ಬರೀ ಮೂರು ವಾರ ಆಗಿತ್ತು.

ನಮ್ಮದು ತೇಗದ ಮರದ ಹಳೆಯ ಮೋಟಾರ್ ಯಾಟ್, 14 ಮೀಟರ್ ಉದ್ದ. ಚಿಕ್ಕಪ್ಪ ಗೋವಾದಿಂದ ಕೊಂಡು ತಂದಿದ್ದರು. ಕೋಡಿಬಾಗದ ಹತ್ತಿರ ಲಂಗರು ಹಾಕಿರುತ್ತೇವೆ, ಮಳೆಗಾಲಕ್ಕೆ ದಡಕ್ಕೆ ಎಳೆಯುತ್ತೇವೆ. ವೀಲ್‌ಹೌಸ್, ಅಂದರೆ ಬೋಟ್ ನಡೆಸುವ ಕೋಣೆಯ ಮೇಲೆ ಎರಡು ಕಹಳೆಯ ಹಿತ್ತಾಳೆ ಹಾರ್ನ್ ಇದೆ. ಒಂದು ಉದ್ದ, ಒಂದು ಗಿಡ್ಡ. ಕಾಲೆನ್‌ಬರ್ಗ್ ಅಂತ ಅಚ್ಚು ಹಾಕಿದ ಪಟ್ಟಿ ಅದರ ಮೇಲಿದೆ. ಅಮೆರಿಕದ ವಿಸ್ಕಾನ್ಸಿನ್‌ನ ಟೂ ರಿವರ್ಸ್ ಊರಿನಲ್ಲಿ 1895ರಲ್ಲಿ ಶುರುವಾದ ಕಂಪನಿ ಅದು. ಮೊದಲು ಬೋಟ್ ಇಂಜಿನ್ ಮಾಡುತ್ತಿದ್ದರು, ಆಮೇಲೆ ಹಾರ್ನ್‌ಗೆ ಹೆಸರಾದರು. ಎರಡೂ ಕಹಳೆ ಒಟ್ಟಿಗೆ ಕೂಗಿದರೆ ದೇವಬಾಗದ ಗಾಳಿತೋಪಿನವರೆಗೆ ಕೇಳುತ್ತಿತ್ತು.

ಕಿಲುಬು ಹಿಡಿದಿತ್ತು, ದನಿ ಸ್ವಲ್ಪ ಒಡೆದಿತ್ತು. ಅಷ್ಟೇ ತೊಂದರೆ. ಡಿಸೆಂಬರ್‌ನಲ್ಲಿ ಒಂದು ವರ್ಕ್‌ಶಾಪಿಗೆ ಕೊಟ್ಟೆವು. ಹೆಸರು ಬೇಡ. ಹಾರ್ನ್ ಜೊತೆಗೆ ಗಾಳಿಯ ಪೈಪ್ ಲೈನನ್ನೂ ಹೊಸದಾಗಿ ಹಾಕಿಕೊಡುತ್ತೇವೆ ಅಂದರು. ಒಪ್ಪಿಕೊಂಡೆವು. ಹತ್ತು ದಿನದಲ್ಲಿ ಹಾರ್ನ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವರ ದೊಡ್ಡ ಕಂಪ್ರೆಸರ್‌ಗೆ ಜೋಡಿಸಿ ಕೂಗಿಸಿಯೂ ತೋರಿಸಿದರು. ಕಿವಿ ಮುಚ್ಚಿಕೊಳ್ಳುವಷ್ಟು ಜೋರಾಗಿತ್ತು. ಹಣ ಕೊಟ್ಟು ಬಂದೆವು. ಬೋಟಿಗೆ ಕೂರಿಸಿದ ಮೇಲೆ ಇಂಜಿನ್ ಓಡುವಾಗ ಒಂದೆರಡು ಸಲ ಸಣ್ಣದಾಗಿ ಕೂಗಿಸಿ ಸುಮ್ಮನಾದೆವು.

ಹಾರ್ನ್ ಒಳಗೆ ಏನಿರುತ್ತದೆ ಅಂತ ಹೇಳಿದರೆ ಅವರು ಮಾಡಿದ ಕೆಲಸ ಅರ್ಥವಾಗುತ್ತದೆ. ಕಹಳೆಯ ಹಿಂದಿನ ಡಬ್ಬಿಯಲ್ಲಿ ತೆಳುವಾದ ಲೋಹದ ಬಿಲ್ಲೆ ಇರುತ್ತದೆ. ಅದೇ ಡಯಾಫ್ರಾಮ್. ಅದು ಕಹಳೆಯ ಬುಡದ ಅಂಚಿಗೆ ಒತ್ತಿ ಕೂತಿರುತ್ತದೆ. ಗಾಳಿ ಬಂದಾಗ ಬಿಲ್ಲೆ ಎದ್ದು ಕೊಂಚ ಗಾಳಿಯನ್ನು ಕಹಳೆಗೆ ಬಿಡುತ್ತದೆ. ಒತ್ತಡ ಇಳಿದ ತಕ್ಷಣ ಮತ್ತೆ ಕೂರುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗೆ ಆಗುತ್ತದೆ. ಅದೇ ನಾವು ಕೇಳುವ ದನಿ. ಕಹಳೆ ಉದ್ದವಾದಷ್ಟೂ ದನಿ ದಪ್ಪ. ಅಂದರೆ ಹಾರ್ನ್‌ನ ಜೀವ ಹೊರಗಿನ ಹೊಳಪಿನಲ್ಲಿಲ್ಲ, ಆ ಬಿಲ್ಲೆಯಲ್ಲಿದೆ. ಅದರ ದಪ್ಪ, ಅದು ಸಮತಟ್ಟಾಗಿರುವುದು, ಅದರ ಬೋಲ್ಟ್‌ಗಳ ಬಿಗಿ, ಎಲ್ಲವೂ ಲೆಕ್ಕ.

ಅವರು ಆ ಬಿಲ್ಲೆಗಳನ್ನು ತುಕ್ಕು ಹಿಡಿದ ವಾಷರ್ ಅಂದುಕೊಂಡು ಬಿಸಾಡಿದ್ದರು. ತಮ್ಮಲ್ಲಿದ್ದ ದಪ್ಪ ಸ್ಟೇನ್‌ಲೆಸ್ ತಗಡನ್ನು ಗುಂಡಗೆ ಕತ್ತರಿಸಿ ಹಾಕಿದ್ದರು. ತಗಡಿನ ದಪ್ಪ ಎರಡು ಪಟ್ಟಾದರೆ ಅದರ ಬಿಗಿತ ಎಂಟು ಪಟ್ಟಾಗುತ್ತದೆ. ಅವರ ಕಂಪ್ರೆಸರ್‌ನ ಜೋರಿಗೆ ಅದು ಅಲುಗಿತು. ನಮ್ಮ ಬೋಟಿನ 7 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಗಾಳಿಗೆ, ಅದೂ ಇಂಜಿನ್ ನಿಧಾನವಾಗಿದ್ದು ಹಾರ್ನ್‌ನ ಗಾಳಿ ತುಂಬಿಡುವ ಟ್ಯಾಂಕ್ ಅರ್ಧ ಇಳಿದಿದ್ದ ಆ ಬೆಳಿಗ್ಗೆ, ಅಲುಗಲಿಲ್ಲ.

ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಮಂಜಿನ ದಿನ ದಡಕ್ಕೆ ಬಂದು ವರ್ಕ್‌ಶಾಪಿಗೆ ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟೇ: "ಪ್ರೆಷರ್ ಜಾಸ್ತಿ ಮಾಡಿ, ಕೂಗುತ್ತೆ." ನಾವು ಆ ಮಾತನ್ನು ನಂಬಿದೆವು. ನಾನೇ ಒತ್ತಡದ ಸ್ವಿಚ್ ತಿರುಗಿಸಿ 10 ಬಾರ್‌ಗೆ ಇಟ್ಟೆ. ಹಾರ್ನ್ ಕೂಗಿತು ಕೂಡ.

ಮೂರನೇ ದಿನ ಇಂಜಿನ್ ರೂಮಿನಲ್ಲಿ ಪಟಾಕಿ ಸಿಡಿದ ಹಾಗೆ ಸದ್ದಾಯಿತು. ತಮ್ಮ ಒಳಗಿದ್ದ. ಹೊರಗೆ ಬಂದಾಗ ಮುಂಗೈಯಿಂದ ರಕ್ತ ಸುರಿಯುತ್ತಿತ್ತು. ಅವರು ಹಾಕಿದ್ದ ಗಾಳಿಯ ಲೈನ್ ಪಿವಿಸಿ ಪೈಪಿನದು. ಬಚ್ಚಲಿಗೆ, ತೋಟದ ನೀರಿಗೆ ಹಾಕುವ ಪೈಪ್. ಅದು ಚೂರುಚೂರಾಗಿ ಸಿಡಿದಿತ್ತು. ಒಂದು ಚೂರು ಅವನ ಕೈಗೆ ಹೊಕ್ಕಿತ್ತು, ಆರು ಹೊಲಿಗೆ ಬಿದ್ದವು. ಇನ್ನೊಂದು ಚೂರು ಕಣ್ಣಿನ ಮಟ್ಟದಲ್ಲಿ ಹಲಗೆಗೆ ಚುಚ್ಚಿಕೊಂಡು ನಿಂತಿತ್ತು. ಅದನ್ನು ಕಿತ್ತು ಕೈಯಲ್ಲಿ ಹಿಡಿದಾಗ ನನ್ನ ಕಾಲು ನಡುಗಿತು.

ಪೈಪಿನ ಮೇಲೆ ಇಷ್ಟು ಒತ್ತಡ ತಡೆಯುತ್ತದೆ ಅಂತ ಬರೆದಿರುತ್ತದಲ್ವಾ ಎಂದು ಕೆಲವರು ಕೇಳಿದರು. ಅದು ನೀರಿನ ಲೆಕ್ಕ. ನೀರು ಒತ್ತಿದರೂ ಕುಗ್ಗುವುದಿಲ್ಲ. ಪೈಪ್ ಸೀಳಿದರೆ ಒಂದಿಷ್ಟು ಚಿಮ್ಮಿ ಒತ್ತಡ ಅಲ್ಲಿಗೇ ಮುಗಿಯುತ್ತದೆ. ಗಾಳಿ ಹಾಗಲ್ಲ, ಸ್ಪ್ರಿಂಗ್ ಹಾಗೆ ಕುಗ್ಗಿ ಕೂತಿರುತ್ತದೆ. ಬಿರುಕು ಬಿಟ್ಟರೆ ಸಾಕು, ಒಮ್ಮೆಗೇ ಹಿಗ್ಗಿ ಪೈಪನ್ನೇ ಚೂರು ಮಾಡಿ ಎಸೆಯುತ್ತದೆ. ಇಂಜಿನ್ ರೂಮಿನ ಬಿಸಿಗೆ ಪಿವಿಸಿ ಇನ್ನಷ್ಟು ದುರ್ಬಲವಾಗುತ್ತದೆ. ಒತ್ತಿದ ಗಾಳಿಗೆ ಪಿವಿಸಿ ಬೇಡವೇ ಬೇಡ. ತಾಮ್ರದ ಕೊಳವೆ ಹಾಕಿಸಿ, ಇಲ್ಲವೇ ಗಾಳಿಗೆಂದೇ ಮಾಡಿದ ಹೋಸ್ ಹಾಕಿಸಿ. ನಿಮ್ಮ ಬೋಟಿನಲ್ಲಿ ಈಗ ಪಿವಿಸಿ ಇದ್ದರೆ ಇವತ್ತೇ ಟ್ಯಾಂಕ್ ಖಾಲಿ ಮಾಡಿಡಿ.

ಇಷ್ಟಾದ ಮೇಲೆ ಟ್ಯಾಂಕನ್ನೂ ಬಿಚ್ಚಿದೆವು. ಹೊರಗೆ ಹೊಸ ಪೇಂಟ್, ಒಳಗೆ ಕೆಂಪು ನೀರು ಮತ್ತು ತುಕ್ಕಿನ ಪದರ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಎಷ್ಟಿದೆ ಅಂತ ಎಲ್ಲರಿಗೂ ಗೊತ್ತು. ಆ ಗಾಳಿಯನ್ನು ಒತ್ತಿ ತುಂಬಿದಾಗ ತೇವ ನೀರಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ತಳದ ಡ್ರೇನ್ ಕಾಕ್ (ನೀರು ಹೊರಬಿಡುವ ನಲ್ಲಿ) ತೆರೆದು ಆ ನೀರನ್ನು ತೆಗೆಯಬೇಕು, ಬೋಟ್ ಓಡಿಸಿದ ಪ್ರತಿ ದಿನ. ನಮ್ಮ ಕಾಕ್ ಮೇಲೆಯೇ ಪೇಂಟ್ ಬಳಿದಿದ್ದರು. ಅಂಥ ಟ್ಯಾಂಕಿನ ಒತ್ತಡವನ್ನು ನಾನು 10ಕ್ಕೆ ಏರಿಸಿದ್ದೆ. ಪೈಪಿನ ಬದಲು ಟ್ಯಾಂಕ್ ಹೋಗಿದ್ದರೆ ತಮ್ಮ ಇವತ್ತು ಇರುತ್ತಿರಲಿಲ್ಲ. ಹಳೆಯ ಟ್ಯಾಂಕ್ ಇದ್ದವರು ನೀರು ತುಂಬಿಸಿ ಒತ್ತಡ ಪರೀಕ್ಷೆ ಮಾಡಿಸಿ. ಕೆಲಸದ ಒತ್ತಡದ ಒಂದೂವರೆ ಪಟ್ಟು ಇಟ್ಟು ನೋಡುವುದು ರೂಢಿ. ಗಾಳಿ ತುಂಬಿ ಪರೀಕ್ಷೆ ಮಾಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಒತ್ತಡ ಮಿತಿ ಮೀರಿದಾಗ ಸೇಫ್ಟಿ ವಾಲ್ವ್ ನಿಜವಾಗಿ ತೆರೆಯುತ್ತದೆಯೇ ಅಂತಲೂ ನೋಡಿಸಿ.

ಇನ್ನು ಆ ಹೊಳಪಿನ ವಿಷಯ. ಹೋಳಿ ಹುಣ್ಣಿಮೆಯ ಹೊತ್ತಿಗೆ ಗಿಡ್ಡ ಕಹಳೆಯ ಕತ್ತಿನಲ್ಲಿ ಕೂದಲೆಳೆಯ ಬಿರುಕು ಕಂಡಿತು. ಅಲ್ಲಲ್ಲಿ ತಿಳಿ ಕೆಂಪು ಕಲೆ ಬೇರೆ. ಶಿರಸಿಯಲ್ಲಿ ಹಿತ್ತಾಳೆ ಕೆಲಸ ಬಲ್ಲ ಹಿರಿಯರೊಬ್ಬರಿಗೆ ತೋರಿಸಿದೆ. ಉಗುರಿನಲ್ಲಿ ಕೆರೆದು ನೋಡಿ, "ಆ್ಯಸಿಡ್‌ನಲ್ಲಿ ಮುಳುಗಿಸಿದ್ದಾರೆ" ಅಂದರು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಆ್ಯಸಿಡ್‌ನಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಸತು ಕರಗಿ ಹೋಗುತ್ತದೆ, ಟೊಳ್ಳು ತಾಮ್ರ ಉಳಿಯುತ್ತದೆ. ಆ ಕೆಂಪು ಕಲೆ ಅದೇ. ಬಿರುಕಿಗೆ ಕಾರಣ ಬೇರೆ ಅಂತ ನನ್ನ ಲೆಕ್ಕ. ವರ್ಕ್‌ಶಾಪಿನವರು ಕೊನೆಗೆ ಉಜ್ಜಿದ ಪಾಲಿಶ್ ಮೂಗಿಗೆ ಹೊಡೆಯುವ ಅಮೋನಿಯ ವಾಸನೆಯದು. ಮೇಲಿಂದ ಬೋಲ್ಟ್‌ಗಳನ್ನು ಮೈಮುರಿದು ಬಿಗಿದಿದ್ದರು. ಬಿಗಿತ, ತೇವ, ಅಮೋನಿಯ ಮೂರೂ ಸೇರಿದರೆ ಹಿತ್ತಾಳೆ ತಾನಾಗಿ ಸೀಳುತ್ತದೆ. ಬ್ರಿಟಿಷರ ಕಾಲದಲ್ಲಿ ಇದೇ ನಮ್ಮ ದೇಶದಲ್ಲಿ, ಮಳೆಗಾಲದಲ್ಲಿ ಕುದುರೆ ಲಾಯದ ಹತ್ತಿರ ಇಟ್ಟಿದ್ದ ಹಿತ್ತಾಳೆಯ ತೋಟಾಗಳು ಹೀಗೇ ಬಿರುಕು ಬಿಡುತ್ತಿದ್ದವು. ಗಂಜಲದಿಂದ ಏಳುವ ಅಮೋನಿಯವೇ ಕಾರಣ ಅಂತ ಆಮೇಲೆ ಪತ್ತೆಯಾಯಿತು.

ಹುಣಸೆಹುಳಿ ಹಚ್ಚಿ, ಮೆತ್ತನೆ ಬಟ್ಟೆಯಲ್ಲಿ ತಿಕ್ಕಿ, ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒರೆಸಿದರೆ ಹೊರಮೈಗೆ ಸಾಕು. ಅಮ್ಮ ದೇವರ ದೀಪ ಬೆಳಗುವುದೂ ಹಾಗೆಯೇ. ಯಂತ್ರದಲ್ಲಿ ಉಜ್ಜಿ ಹೊಳಪು ಬರಿಸುವ ಬಫಿಂಗ್ ಚಕ್ರಕ್ಕೆ ಕೊಡಬೇಡಿ, ಕಹಳೆಯ ಬಾಯಿ ತೆಳುವಾಗುತ್ತದೆ.

ಬಿಚ್ಚುವಾಗ ನೀವು ಪಕ್ಕದಲ್ಲೇ ನಿಂತಿರಿ. ಫೋಟೊ ತೆಗೆಯಿರಿ. ಯಾವ ಬಿಲ್ಲೆ ಯಾವ ಕಹಳೆಯದು, ಯಾವ ಮುಖ ಒಳಗಿತ್ತು ಎಂದು ಬರೆದಿಡಿ. ಹಳೆಯ ಬಿಲ್ಲೆ ಎಷ್ಟೇ ಕೆಟ್ಟಿದ್ದರೂ ಮನೆಗೆ ತನ್ನಿ. ಹೊಸದನ್ನು ಮಾಡಿಸಲು ಮೈಕ್ರೋಮೀಟರ್‌ನಲ್ಲಿ ಅಳೆಯುವುದಕ್ಕೆ ಅದೊಂದೇ ಆಧಾರ. ಬೋಲ್ಟ್‌ಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಮತ್ತೆ, ಎಷ್ಟೋ ಸಲ ಹಾರ್ನ್ ಬಿಚ್ಚುವ ಅಗತ್ಯವೇ ಇರುವುದಿಲ್ಲ. ಜೂನ್, ಜುಲೈನಲ್ಲಿ ಬೋಟ್ ದಡದಲ್ಲಿದ್ದಾಗ ಕುಂಬಾರ ಹುಳು ಕಹಳೆಯೊಳಗೆ ಮಣ್ಣಿನ ಗೂಡು ಕಟ್ಟಿರುತ್ತದೆ. ಮೊದಲು ಟಾರ್ಚ್ ಬಿಟ್ಟು ನೋಡಿ. ಬಾಯಿಗೆ ಹತ್ತಿಬಟ್ಟೆ ಕಟ್ಟಿಟ್ಟರೆ ಸಾಕು. ಪ್ಲಾಸ್ಟಿಕ್ ಕಟ್ಟಿದರೆ ಒಳಗೆ ಬೆವರುತ್ತದೆ.

ಪರೀಕ್ಷೆಯನ್ನು ಮಾತ್ರ ನಿಮ್ಮ ಬೋಟಿನಲ್ಲೇ ಮಾಡಿ, ಕಂಪ್ರೆಸರ್ ಆಫ್ ಮಾಡಿ, ಟ್ಯಾಂಕಿನ ಗಾಳಿಯಿಂದಷ್ಟೇ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಉದ್ದ ಕೂಗು ಅಂದರೆ 4ರಿಂದ 6 ಸೆಕೆಂಡ್. ಮಂಜಿನಲ್ಲಿ ಸಾಗುವ ಮೋಟಾರ್ ಬೋಟ್ 2 ನಿಮಿಷಕ್ಕಿಂತ ಹೆಚ್ಚು ಬಿಡುವು ಕೊಡದೆ ಹಾಗೆ ಕೂಗುತ್ತಿರಬೇಕು. ಆರು ಸೆಕೆಂಡ್ ದನಿ ಕುಸಿಯದೆ ನಿಲ್ಲಬೇಕು. ಹಾರ್ನ್ ಬುಡದಲ್ಲೇ ಒತ್ತಡ ತೋರಿಸುವ ಒಂದು ಗೇಜ್ ಹಾಕಿ, ಕೂಗುವಾಗ ಮುಳ್ಳು ನೋಡಿ. ನಮ್ಮಲ್ಲಿ ಟ್ಯಾಂಕ್ 7 ತೋರಿಸುವಾಗ ಹಾರ್ನ್ ಹತ್ತಿರ 4 ಕೂಡ ಇರಲಿಲ್ಲ. ಪೈಪ್ ಅಷ್ಟು ಸಣ್ಣದಾಗಿತ್ತು.

ಈಗ ತಾಮ್ರದ ಲೈನ್ ಬಂದಿದೆ, ಹೊಸ ಟ್ಯಾಂಕ್ ಬಂದಿದೆ. ತಮ್ಮನ ಕೈ ವಾಸಿಯಾಗಿದೆ, ಕಿರುಬೆರಳು ಮಾತ್ರ ಇನ್ನೂ ಪೂರ್ತಿ ಮಡಚುವುದಿಲ್ಲ. ಹಾರ್ನ್ ಮನೆಯ ಮೇಜಿನ ಮೇಲಿದೆ, ಡಯಾಫ್ರಾಮ್ ಇಲ್ಲದೆ. ಸದ್ಯಕ್ಕೆ ಬೋಟಿನಲ್ಲಿ ಬೇರೆ ಹೊಸ ಹಾರ್ನ್ ಇದೆ, ಅದು ಕೈಕೊಟ್ಟರೆ ಇರಲಿ ಅಂತ ಅಜ್ಜನ ಶಂಖವೂ ವೀಲ್‌ಹೌಸ್‌ನಲ್ಲಿದೆ. ಎರಡು ಕಹಳೆಯ ಹಳೆಯ ಕಾಲೆನ್‌ಬರ್ಗ್ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದು, ಅದರ ಬಿಲ್ಲೆ ಮೂಲದ್ದೇ ಆಗಿದ್ದರೆ, ದಯವಿಟ್ಟು ಅದರ ದಪ್ಪ ಅಳೆದು ತಿಳಿಸಿ.