ಓವರ್‌ಹೆಡ್ ಟ್ಯಾಂಕಿನ ಲೈನಿಗೆ ಸೊಲೆನಾಯ್ಡ್ ವಾಲ್ವ್ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ಮನೆ ಮುಂದಿನ ಲಾನ್‌ಗೆ ಟೈಮರ್ ಕೂರಿಸಿ, ನೀರು ತಾನಾಗೇ ಬೀಳುವ ಹಾಗೆ ಮಾಡಲು ಹೊರಟಿದ್ದೀರಾ? ಅದೂ ಓವರ್‌ಹೆಡ್ ಟ್ಯಾಂಕಿನ ನೀರಿನಲ್ಲಿ? ಸ್ವಲ್ಪ ತಡೀರಿ. ಹಾಗೆ ಮಾಡಲು ಹೋಗಿ ನಾನು ಒಂದೇ ರಾತ್ರಿಯಲ್ಲಿ ಸಂಪು ಪೂರ್ತಿ ಖಾಲಿ ಮಾಡಿಕೊಂಡೆ. 2024ರ ಮಾರ್ಚ್ ಮೊದಲ ವಾರ ಅದು. ನೀರಿಗೆ ಪರದಾಡಿದ ಆ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಇದ್ದವರಿಗೆ ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮದು ವಿದ್ಯಾರಣ್ಯಪುರದ ಕಡೆ ಒಂದು ಮಹಡಿ ಮನೆ. ಮುಂದೆ 10 ಅಡಿ ಅಗಲ, 20 ಅಡಿ ಉದ್ದದ ಹುಲ್ಲು. ದಿನಾ ಪೈಪ್ ಹಿಡಿದು ನಿಲ್ಲೋದು ಬೇಜಾರಾಗಿತ್ತು. ನಾಲ್ಕಾರು ವಿಡಿಯೋ ನೋಡಿದೆ, ನೀರು ಬಂದಾಗ ನೆಲದಿಂದ ತಲೆ ಎತ್ತಿ ಚಿಮ್ಮುವ ನಾಲ್ಕು ಪಾಪ್‌ಅಪ್ ಸ್ಪ್ರಿಂಕ್ಲರ್, ಒಂದು ಟೈಮರ್, ಕರೆಂಟಿನಲ್ಲಿ ತಾನೇ ತೆರೆದು ಮುಚ್ಚುವ 24 ವೋಲ್ಟಿನ ಸೊಲೆನಾಯ್ಡ್ ವಾಲ್ವ್ ತಂದೆ. ಗಾರ್ಡನ್ ನಲ್ಲಿಗೆ ಹೋಗುವ ಹಳೇ ಪೈಪನ್ನು ಹ್ಯಾಕ್ಸಾದಲ್ಲಿ ಕುಯ್ದು, ಎಲ್ಲವನ್ನೂ ನಾನೇ ಜೋಡಿಸಿದೆ. ಪ್ಲಂಬರ್‌ಗೆ ಕೊಡೋ ದುಡ್ಡು ಉಳೀತು ಅಂತ ಖುಷಿ ಬೇರೆ.

ನೀರು ಬಿಟ್ಟರೆ ಸ್ಪ್ರಿಂಕ್ಲರ್ ತಲೆ ಎತ್ತಲೇ ಇಲ್ಲ. ಸುಮ್ನೆ ಒರತೆ ಥರ ಜಿನುಗಿತು. ಲೆಕ್ಕ ಹಾಕಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ನೀರು 10 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಸಿಗುವುದು ಸುಮಾರು 1 ಬಾರ್ ಪ್ರೆಷರ್. ನಮ್ಮ ಟ್ಯಾಂಕ್ ಇರೋದು 7 ಮೀಟರ್ ಮೇಲೆ, ಅಂದರೆ 0.7 ಬಾರ್. ಪಾಪ್‌ಅಪ್‌ಗೆ ಬೇಕಾಗೋದು ಸುಮಾರು 2 ಬಾರ್. ಆ ವಿಡಿಯೋಗಳೆಲ್ಲ ನೇರವಾಗಿ ಪ್ರೆಷರ್ ಇರುವ ಲೈನ್ ಬರುವ ದೇಶಗಳವು. ನಮ್ಮ ಹಾಗೆ ಸಂಪಿಗೆ ಬಿಟ್ಟು, ಮೋಟಾರ್‌ನಲ್ಲಿ ಮೇಲೆತ್ತಿ, ಮತ್ತೆ ಕೆಳಗಿಳಿಸಿಕೊಳ್ಳುವ ಕಥೆ ಅವರದಲ್ಲ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ನಾನು ಅರ್ಧ ಎಚ್‌ಪಿಯ ಬೂಸ್ಟರ್ ಪಂಪು ತಂದು ಸೇರಿಸಿದೆ. ಟೈಮರ್ ಆನ್ ಆದರೆ ಪಂಪು, ವಾಲ್ವ್ ಎರಡೂ ಆನ್. ಆಫ್ ಆದರೆ ಎರಡೂ ಆಫ್. ಈಗ ಸ್ಪ್ರಿಂಕ್ಲರ್‌ಗಳು ಚೆನ್ನಾಗಿ ಎದ್ದು ಚಿಮ್ಮಿದವು. ಮೂರು ದಿನ ಪಕ್ಕದಲ್ಲೇ ನಿಂತು ನೋಡಿದೆ. ಮುಗಿದ ಮೇಲೆ ಹಳೇ ಅಭ್ಯಾಸದಂತೆ ಆ ಲೈನಿನ ಬಾಲ್ ವಾಲ್ವನ್ನು (ಹಿಡಿ ತಿರುಗಿಸಿ ಮುಚ್ಚುವ ವಾಲ್ವ್) ಕೈಯಲ್ಲೇ ತಿರುಗಿಸಿ ಮುಚ್ಚಿ ಒಳಗೆ ಬರುತ್ತಿದ್ದೆ. ನನ್ನ ಕಣ್ಣಿಗೆ ಮಣ್ಣೆರಚಿದ್ದು ಆ ಅಭ್ಯಾಸವೇ. ಸೊಲೆನಾಯ್ಡ್ ಒಂದು ದಿನವೂ ಸರಿಯಾಗಿ ಮುಚ್ಚಿಯೇ ಇರಲಿಲ್ಲ.

ನಾಲ್ಕನೇ ದಿನ ರಾತ್ರಿ 10ಕ್ಕೆ ಟೈಮರ್ ಇಟ್ಟು, ಬಾಲ್ ವಾಲ್ವ್ ತೆರೆದೇ ಬಿಟ್ಟು ಮಲಗಿದೆ.

ಬೆಳಗ್ಗೆ ಐದೂವರೆಗೆ ಪಕ್ಕದ ಮನೆ ಅಂಕಲ್ ಬೆಲ್ ಮಾಡಿದರು. "ಏನಪ್ಪಾ, ನಿಮ್ಮನೆ ನೀರು ನಮ್ಮ ಗೇಟ್ ಮುಂದೆ ಹರೀತಿದೆಯಲ್ಲಾ, ಕಾವೇರಿ ಬಂತಾ?" ಹುಲ್ಲಿನ ಮೇಲೆ ಕಾಲಿಟ್ಟರೆ ಪಾದ ಹೂತುಹೋಯಿತು. ಒಳಗೆ ಬಂದು ಬಚ್ಚಲಿನ ನಲ್ಲಿ ತಿರುಗಿಸಿದರೆ ನೀರಿಲ್ಲ, ಸುಯ್ ಅಂತ ಗಾಳಿ ಒಳಗೆಳೆದುಕೊಂಡಿತು. ಆಗಲೇ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಟ್ಯಾಂಕ್ ಖಾಲಿಯಾದ ಹಾಗೆಲ್ಲ ಆಟೋಮ್ಯಾಟಿಕ್ ಕಂಟ್ರೋಲರ್ ಮೋಟಾರ್ ಆನ್ ಮಾಡಿದೆ. ಸಂಪಿನ 6,000 ಲೀಟರ್ ಮೇಲೆ ಹತ್ತಿ ಲಾನ್‌ಗೆ ಇಳಿದಿದೆ. ಸಂಪಿನಲ್ಲಿ ಸೆನ್ಸರ್ ಇರಲಿಲ್ಲ, ಹಾಗಾಗಿ ನೀರು ಮುಗಿದ ಮೇಲೂ ಮೋಟಾರ್ ಓಡುತ್ತಲೇ ಇತ್ತು. ನೀರಿನಲ್ಲಿ ಮುಳುಗಿಯೇ ಓಡುವ ಸಬ್‌ಮರ್ಸಿಬಲ್ ಮೋಟಾರ್‌ಗೆ ಸುತ್ತಲಿನ ನೀರೇ ತಂಪು, ಅದಿಲ್ಲದೆ ಅದರ ಕಾಯಿಲ್ ಸುಟ್ಟುಹೋಯಿತು.

ನಮ್ಮ ಲಾನ್‌ಗೆ ದಿನಕ್ಕೆ 100 ಲೀಟರ್ ಇದ್ದರೆ ಧಾರಾಳ. ಎರಡು ತಿಂಗಳ ನೀರು ಒಂದು ರಾತ್ರಿಗೆ ಹೋಯಿತು.

ಟ್ಯಾಂಕರ್‌ನವರಲ್ಲಿ ನಾಲ್ವರು ಫೋನೇ ಎತ್ತಲಿಲ್ಲ. ಐದನೆಯವರು ರಾತ್ರಿ ಹನ್ನೊಂದಕ್ಕೆ ಬಂದರು, ಅದೂ 12,000 ಲೀಟರ್ ಗಾಡಿ. ಅರ್ಧ ನಮಗೆ, ಅರ್ಧ ಅದೇ ಅಂಕಲ್ ಮನೆಗೆ. ಮೋಟಾರ್ ರಿವೈಂಡಿಂಗ್ ಖರ್ಚು ಬೇರೆ. ಅದಾದ ಕೆಲವೇ ದಿನಕ್ಕೆ, ಕುಡಿಯುವ ನೀರನ್ನು ಗಿಡಕ್ಕೋ ಕಾರು ತೊಳೆಯೋಕೋ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ನಾನು ಬೀದಿಯಲ್ಲಿ ತಲೆ ತಗ್ಗಿಸಿಕೊಂಡೇ ಓಡಾಡಿದೆ.

ಆಮೇಲೆ ವಾಲ್ವಿನ ಸ್ಕ್ರೂ ಬಿಚ್ಚಿ ನೋಡಿದೆ. ಒಳಗೆ ಒಂದು ಸ್ಪ್ರಿಂಗು, ಅದರ ಕೆಳಗೆ ಕಪ್ಪು ರಬ್ಬರಿನ ಡಯಾಫ್ರಾಮ್. ಕರೆಂಟಿನ ಕಾಯಿಲ್ ಮಾಡೋದು ಒಂದು ಸಣ್ಣ ತೂತು ತೆರೆದು ಮುಚ್ಚುವ ಕೆಲಸ ಅಷ್ಟೇ. ರಬ್ಬರನ್ನು ಮೇಲಿಂದ ಒತ್ತಿ ನೀರು ನಿಲ್ಲಿಸಬೇಕಾದದ್ದು ನೀರಿನದೇ ಪ್ರೆಷರ್. ಪಂಪು ಆಫ್ ಆದ ಕೂಡಲೇ ನನ್ನ ಲೈನಿನಲ್ಲಿ ಉಳಿಯುತ್ತಿದ್ದದ್ದು ಟ್ಯಾಂಕಿನ 0.7 ಬಾರ್. ಈ ವಾಲ್ವಿಗೆ ಕನಿಷ್ಠ 1 ಬಾರ್ ಬೇಕು ಅಂತ ಡಬ್ಬದ ಮೇಲೇ ಬರೆದಿತ್ತು, ಸಣ್ಣ ಅಕ್ಷರದಲ್ಲಿ. ಸಾಲದ್ದಕ್ಕೆ ಹ್ಯಾಕ್ಸಾದಿಂದ ಉದುರಿದ ಪಿವಿಸಿ ಚೂರೊಂದು, ಅಕ್ಕಿ ನುಚ್ಚಿನಷ್ಟು, ರಬ್ಬರ್ ಅಂಚಿನ ಕೆಳಗೆ ಕೂತಿತ್ತು. ಪೈಪ್ ಕುಯ್ದ ಮೇಲೆ ಒಂದು ಬಕೆಟ್ ನೀರು ಬಿಟ್ಟು ತೊಳೆದಿದ್ದರೆ ಅದಾದರೂ ತಪ್ಪುತ್ತಿತ್ತು. ವಾಲ್ವಿಗೆ ಮುಂಚೆ ಜಾಲರಿ ಫಿಲ್ಟರ್ ಹಾಕಬೇಕು ಅನ್ನೋದೂ ಆಮೇಲೆ ತಿಳಿಯಿತು. ಬೋರ್‌ವೆಲ್ ನೀರಾದರೆ ಅದಿಲ್ಲದೆ ಆಗೋದೇ ಇಲ್ಲ.

ಮೋಟಾರ್ ಕೂರಿಸಲು ಬಂದ ಪ್ಲಂಬರ್ ನೋಡಿ ನಕ್ಕರು. "ಸಾರ್, ಟ್ಯಾಂಕ್ ಲೈನಿಗೆ ಮೋಟಾರೈಸ್ಡ್ ಬಾಲ್ ವಾಲ್ವ್ ಹಾಕಬೇಕು. ಅದು ಪ್ರೆಷರ್ ನೋಡಲ್ಲ, ತಾನೇ ತಿರುಗಿ ಮುಚ್ಚುತ್ತೆ." ಅವರು ಹೇಳಿದ ಇನ್ನೊಂದು ಮಾತು ಅದಕ್ಕಿಂತ ಬೆಲೆಯದು. ಗಾರ್ಡನ್ ಲೈನನ್ನು ಮನೆ ಲೈನಿನಿಂದ ಟೀ (ಕವಲು ಜಾಯಿಂಟ್) ಹಾಕಿ ತೆಗೆಯಬೇಡಿ, ಟ್ಯಾಂಕಿನ ಪಕ್ಕದ ಗೋಡೆಗೇ, ಅರ್ಧಕ್ಕಿಂತ ಮೇಲೆ ಬೇರೆ ತೂತು ಹಾಕಿಸಿ ಅಂದರು. ಆಗ ವಾಲ್ವ್ ಕೈಕೊಟ್ಟರೂ ಟ್ಯಾಂಕಿನ ಅರ್ಧ ನೀರು ಮನೆಗೆ ಉಳಿಯುತ್ತೆ. ಆದರೆ ಕಂಟ್ರೋಲರ್ ಮತ್ತೆ ಮೋಟಾರ್ ಆನ್ ಮಾಡದಂತೆ ಅದರ ಕೆಳಗಿನ ಸೆನ್ಸರ್ ಆ ತೂತಿಗಿಂತ ಕೆಳಗಿರಬೇಕು. ಇಷ್ಟು ಸುಲಭದ ವಿಷಯ ನನಗೆ ಹೊಳೆಯಲಿಲ್ಲ ನೋಡಿ.

ತೂತು ಹಾಕಿಸಿದ್ದೇನೆ, ಸಂಪಿಗೂ ಸೆನ್ಸರ್ ಬಂದಿದೆ. ಟೈಮರ್ ಮಾತ್ರ ಮತ್ತೆ ಹಚ್ಚಿಲ್ಲ. ಬೆಳಗ್ಗೆ ಪೈಪ್ ಹಿಡಿದು ನಿಲ್ಲುತ್ತೇನೆ. ಬೂಸ್ಟರ್ ಪಂಪು ಯಾರಿಗಾದರೂ ಬೇಕಿದ್ದರೆ ಹೇಳಿ, ನಾಲ್ಕೇ ದಿನ ಓಡಿರೋದು.