ಙ್ಲಂಗೆರಾನ್ ಹೋಂಸ್ಟೇ: ಜಾವಾದ ಕೊಕ್ಕೊ ತೋಟದೂರಲ್ಲಿ ಎರಡು ರಾತ್ರಿ

ಮೊದಲು ಹೆಸರಿನ ಕಥೆ ಮುಗಿಸಿಬಿಡುತ್ತೇನೆ. ಊರಿನ ಹೆಸರು ಙ್ಲಂಗೆರಾನ್. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಆಮೇಲೆ ಒಮ್ಮೆಯೂ ಬರೆಯದ ಙ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ, ಯೋಗ್ಯಕರ್ತ ಪೇಟೆಯಿಂದ ಸುಮಾರು 25 ಕಿಲೋಮೀಟರ್ ದೂರ, ಗುನುಂಗ್‌ಕಿದುಲ್ ಜಿಲ್ಲೆಯ ಗುಡ್ಡದ ಮೇಲೆ ಇದೆ. ಊರಲ್ಲಿ ಬೀಚ್ ಇಲ್ಲ, ಪಾರ್ಟಿ ಇಲ್ಲ, ಸಂಜೆ ಏಳರ ಮೇಲೆ ಜೀರುಂಡೆ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಇಂಡೋನೇಷ್ಯಾ ಅಂದರೆ ಬಾಲಿ ಮಾತ್ರ ಅನ್ನುವವರು ಇಲ್ಲಿಗೇ ಓದುವುದು ನಿಲ್ಲಿಸಬಹುದು.

ನಾನು, ನನ್ನ ಹೆಂಡತಿ ಒಂದು ರೈತರ ಮನೆಯಲ್ಲಿ ಎರಡು ರಾತ್ರಿ ಇದ್ದೆವು. ಐದರಲ್ಲಿ ನಾಲ್ಕು ಕೊಡುತ್ತೇನೆ. ಕಡಿದ ಆ ಒಂದು ಅಂಕ ಊರಿನದ್ದಲ್ಲ, ಪೇಟೆಯಲ್ಲಿ ಬುಕಿಂಗ್ ಮಾಡಿಕೊಟ್ಟ ಏಜೆಂಟ್‌ದು. "ಶುದ್ಧ ಸಸ್ಯಾಹಾರ, ಎಲ್ಲಾ ಹೇಳಿದ್ದೇನೆ" ಅಂದಿದ್ದ ಪುಣ್ಯಾತ್ಮ ಮನೆಯವರಿಗೆ ಒಂದು ಮಾತೂ ಹೇಳಿರಲಿಲ್ಲ. ಪಾಪ, ಅವರು ಪ್ರೀತಿಯಿಂದ ಮೀನು ಹುರಿದು ಕಾಯುತ್ತಾ ಕೂತಿದ್ದರು. ನಮಗೂ ಮುಜುಗರ, ಅವರಿಗೂ ಮುಜುಗರ. ಊರಲ್ಲೇ ಪೋಕ್ದಾರ್ವಿಸ್ ಅಂತ ಪ್ರವಾಸೋದ್ಯಮ ಸಮಿತಿ ಇದೆ, ಊರಿನ ಹುಡುಗರೇ ನಡೆಸುವುದು. ಅವರನ್ನೇ ನೇರವಾಗಿ ಕೇಳಿ, ನಡುವೆ ಯಾರೂ ಬೇಡ.

ಸಸ್ಯಾಹಾರಿಗಳು ಇದೊಂದು ಬಾಯಿಪಾಠ ಮಾಡಿಕೊಳ್ಳಿ: "ತಾನ್ಪಾ ತೆರಾಸಿ." ತಾನ್ಪಾ ಅಂದರೆ ಇಲ್ಲದೆ, ತೆರಾಸಿ ಅಂದರೆ ಸಿಗಡಿ ಅರೆದು ಹುಳಿಬರಿಸಿದ ಮುದ್ದೆ, ಸಾಂಬಾಲ್ ಅನ್ನುವ ಖಾರದ ಚಟ್ನಿಗೆ ಕಣ್ಣುಮುಚ್ಚಿ ಹಾಕುತ್ತಾರೆ. ಅದು ಬೇಡ ಅಂದ ಮೇಲೆ ಮಾತ್ರ ಊಟಕ್ಕೆ ಹೆಸರಿಡುವ ಹಾಗೇ ಇಲ್ಲ. ತೆಂಗಿನ ಹಾಲಿನ ತರಕಾರಿ ಸಾರು, ಅದಕ್ಕೆ ಲೋಡೆ ಅನ್ನುತ್ತಾರೆ. ತಾಳೆಬೆಲ್ಲದಲ್ಲಿ ಬೇಯಿಸಿ ಕರಿದ ತೆಂಪೆ, ಅಂದರೆ ಸೋಯಾ ಕಾಳನ್ನು ಬೂಷ್ಟು ಹಿಡಿಸಿ ಗಟ್ಟಿ ಮಾಡಿದ್ದು (ಕೇಳಲಿಕ್ಕೆ ಹಾಗಿರುತ್ತದೆ, ತಿಂದು ನೋಡಿ). ಆಮೇಲೆ ತಿವುಲ್. ಮರಗೆಣಸನ್ನು ಒಣಗಿಸಿ ಹಿಟ್ಟು ಮಾಡಿ ಹಬೆಯಲ್ಲಿ ಬೇಯಿಸಿ ಮೇಲೆ ತೆಂಗಿನ ತುರಿ. ಗುನುಂಗ್‌ಕಿದುಲ್ ಜಿಲ್ಲೆಯ ಬಹುಪಾಲು ಸುಣ್ಣಕಲ್ಲಿನ ಬರಡು ನೆಲ, ಹಿಂದೆ ಅಕ್ಕಿ ಸಾಲದ ದಿನಗಳಲ್ಲಿ ಇದೇ ಹೊಟ್ಟೆ ತುಂಬಿಸುತ್ತಿದ್ದದ್ದು. ಈಗ ಅದನ್ನೇ ಅತಿಥಿಗಳಿಗೆ ವಿಶೇಷ ಅಂತ ಬಡಿಸುತ್ತಾರೆ. ನಮ್ಮ ಕಡೆ ರಾಗಿಗೆ ಆದದ್ದೂ ಹೀಗೇ ಅಲ್ವಾ?

ಮನೆ ದೊಡ್ಡದು, ಹೆಂಚಿನದು, ಚೊಕ್ಕ. ಹಾಸಿಗೆ ಸ್ವಲ್ಪ ಗಟ್ಟಿ. ಬಚ್ಚಲಲ್ಲಿ ಸಿಮೆಂಟ್ ತೊಟ್ಟಿ, ಒಂದು ಪ್ಲಾಸ್ಟಿಕ್ ಚೊಂಬು, ಬಿಸಿನೀರು ಇಲ್ಲ. ಬೆಳಗಿನ ಜಾವ ಕೋಳಿ, ಅದರ ಬೆನ್ನಿಗೇ ಮಸೀದಿಯ ಆಜಾನ್, ಹಾಗಾಗಿ ಎಂಟರವರೆಗೆ ಮಲಗುವ ಆಸೆ ಬಿಡಿ. ಮನೆಯ ಯಜಮಾನಿಯನ್ನು ಎಲ್ಲರೂ "ಬು" ಅನ್ನುತ್ತಾರೆ, ತಾಯಿ ಅಂತ ಅರ್ಥ. ಯಜಮಾನರು "ಪಾಕ್". ಇಬ್ಬರಿಗೂ ಇಂಗ್ಲಿಷ್ ಬಾರದು. ಫೋನಿನ ಅನುವಾದ ಆ್ಯಪ್ ಅರ್ಧ ಕೆಲಸ ಮಾಡಿತು, ಉಳಿದರ್ಧ ಕೈಸನ್ನೆ.

ಕೈಸನ್ನೆ ಸಾಕಾದದ್ದು ತೋಟದಲ್ಲಿ. ನಮ್ಮ ಮನೆ ಪುತ್ತೂರಿನ ಹತ್ತಿರ, ಅಡಿಕೆಯ ನಡುವೆ ಕೊಕ್ಕೊ ಇದೆ. ಇಲ್ಲಿ ತೆಂಗು, ಬಾಳೆ, ಬೇರೆ ಮರಗಳ ನೆರಳಲ್ಲಿ ಕೊಕ್ಕೊ. ಪಾಕ್ ಮೊದಲು ತೋರಿಸಿದ್ದು ಒಳ್ಳೆಯ ಕಾಯಿ ಅಲ್ಲ, ಅಳಿಲು ತೂತು ಮಾಡಿ ತಿರುಳು ತಿಂದುಹೋದ ಕಾಯಿ! ನಾನು ಫೋನ್ ತೆಗೆದು ನಮ್ಮ ತೋಟದ ಅದೇ ತರಹದ ಫೋಟೋ ತೋರಿಸಿದೆ. ಅವರು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಆಮೇಲೆ ಒಂದೂವರೆ ಗಂಟೆ ಇಬ್ಬರೂ ಕೊಳೆರೋಗ, ಮಳೆ, ರೇಟು ಅಂತ ಭಾಷೆಯೇ ಇಲ್ಲದೆ ಮಾತಾಡಿದೆವು, ಹೆಂಡತಿ ಬೇಜಾರಾಗಿ ಮನೆಗೆ ಹೋದಳು.

ಮೊದಲು ಇವರೂ ಹಸಿ ಬೀಜ ವ್ಯಾಪಾರಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರಂತೆ. ಈಗ ಊರಲ್ಲೇ ಒಂದು ಚಾಕಲೇಟ್ ಮನೆ ಇದೆ. ಬೀಜ ಹುಳಿಬರಿಸಿ, ಒಣಗಿಸಿ, ಹುರಿದು, ಪುಡಿ ಮಾಡಿ ಅಲ್ಲೇ ಮಾರುತ್ತಾರೆ, ಪ್ರವಾಸಿಗಳೂ ಕೂತು ಮಾಡಿ ನೋಡಬಹುದು. ಬಿಸಿ ಚಾಕಲೇಟ್ ನನಗೆ ಸಕ್ಕರೆ ಜಾಸ್ತಿ ಅನ್ನಿಸಿತು. ಆದರೆ ಹೊಟ್ಟೆಕಿಚ್ಚೂ ಆಯಿತು. ಪುತ್ತೂರಲ್ಲಿ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆ 1986ರಿಂದ ಇದೆ, ಬೀಜಕ್ಕೆ ದಿಕ್ಕಿದೆ, ಸರಿ. ಆದರೆ ನಮ್ಮ ಮನೆಗೆ ಬಂದ ನೆಂಟರಿಗೆ ನಮ್ಮದೇ ತೋಟದ ಬೀಜದ ಒಂದು ಲೋಟ ಚಾಕಲೇಟ್ ನಾವು ಇವತ್ತಿನವರೆಗೆ ಕೊಟ್ಟಿಲ್ಲ.

ಗುಡ್ಡ ಹತ್ತುವ ವಿಷಯ. ಇದು ಎಂದೋ ಸತ್ತ ಜ್ವಾಲಾಮುಖಿ, ಯುನೆಸ್ಕೋ 2015ರಲ್ಲಿ ಗುರುತಿಸಿದ ಗುನುಂಗ್ ಸೆವು ಜಿಯೋಪಾರ್ಕಿಗೆ, ಅಂದರೆ ವಿಶೇಷ ಭೂರಚನೆಗಳ ರಕ್ಷಿತ ಪ್ರದೇಶಕ್ಕೆ, ಸೇರಿದೆ. ತುದಿ ಸುಮಾರು 700 ಮೀಟರ್ ಎತ್ತರ. ಒಂದು ಕಡೆ ಬಂಡೆಗಳ ಸಂದಿಯಲ್ಲಿ ಅಡ್ಡ ತಿರುಗಿ ನುಸುಳಬೇಕು, ಹೊಟ್ಟೆ ಇದ್ದವರು ಯೋಚಿಸಿ. ಮೋಡ ಇಲ್ಲದಿದ್ದರೆ ಉತ್ತರಕ್ಕೆ ಮೆರಾಪಿ ಜ್ವಾಲಾಮುಖಿ ಕಾಣುತ್ತದೆ, ಅದು ಸತ್ತಿಲ್ಲ, ಹೊಗೆ ಬಿಡುತ್ತಲೇ ಇರುತ್ತದೆ. ಊರಿನ ಹೆಸರಿಗೂ ಒಂದು ಕಥೆ ಹೇಳಿದರು. ಙ್ಲಂಗರ್ ಅಂದರೆ ಮೀರುವುದು, ತಪ್ಪು ಮಾಡುವುದು. ಸುಗ್ಗಿಯ ಹೊತ್ತಿಗೆ ಬೊಂಬೆಯಾಟದವನನ್ನು ಕರೆಸಿದ ಊರವರು ಅವನ ಬೊಂಬೆ ಹಾಳು ಮಾಡಲು ಹೋದರಂತೆ, ಅವನು ಶಾಪ ಕೊಟ್ಟು ಅವರನ್ನೇ ಬೊಂಬೆ ಮಾಡಿ ಈ ಗುಡ್ಡಕ್ಕೆ ಎಸೆದನಂತೆ. ನಮ್ಮಲ್ಲಿ ಆಟಕ್ಕೆ ಹೋಗಿ ಹಿಂದಿನ ಸಾಲಲ್ಲಿ ಗಲಾಟೆ ಮಾಡುವವರಿಗೆ ಈ ಕಥೆ ಹೇಳಬೇಕು.

ಇನ್ನೊಂದು ಗುಡ್ಡದ ತಲೆ ಸಪಾಟು ಮಾಡಿ ಕೆರೆ ಕಟ್ಟಿದ್ದಾರೆ, ಎಂಬುಂಗ್ ಅನ್ನುತ್ತಾರೆ. ಜನ ಸೆಲ್ಫಿಗೆ ಬರುತ್ತಾರೆ. ಅಸಲಿಗೆ ಅದು ಕೆಳಗಿನ ದುರಿಯನ್ ಹಣ್ಣಿನ ತೋಟಕ್ಕೆ ನೀರುಣಿಸುವ ಕೃಷಿಹೊಂಡ, 2013ರಲ್ಲಿ ಶುರುವಾದದ್ದು.

ಆಡಿನ ಕೊಟ್ಟಿಗೆ ತಪ್ಪಿಸಬೇಡಿ. ಉದ್ದ ಜೋಲುಕಿವಿಯ ಈ ತಳಿಗೆ "ಎತಾವಾ" ಅಂತ ಹೆಸರು. ನಮ್ಮ ಉತ್ತರ ಪ್ರದೇಶದ ಇಟಾವಾದ ಜಮ್ನಾಪಾರಿ ಆಡಿನ ಮಿಶ್ರತಳಿ ಇದು. ಇಲ್ಲಿ ಭಾರತದವರು ಅಂತ ಹೇಳಿದಾಗ ಸಿಗುವ ಮರ್ಯಾದೆಯಲ್ಲಿ ಈ ಆಡಿಗೂ ಒಂದು ಪಾಲಿದೆ.

ಈ ಊರಿನ ಬಗ್ಗೆ ನನಗೆ ಜಾಸ್ತಿ ಹಿಡಿಸಿದ್ದು ಒಂದು ನಿರ್ಧಾರ. 2014ರಲ್ಲಿ ಇಲ್ಲಿಗೆ 3 ಲಕ್ಷಕ್ಕಿಂತ ಹೆಚ್ಚು ಜನ ಬಂದಿದ್ದರು. ಕಸ, ಗಲಾಟೆ, ಗುಡ್ಡದ ಮೇಲೆ ನೂಕುನುಗ್ಗಲು. ಊರವರು ಏನು ಮಾಡಿದರು ಗೊತ್ತಾ, ಟಿಕೆಟ್ ದರ ಏರಿಸಿದರು, ಸುಮ್ನೆ ಬಂದು ಹೋಗುವವರಿಗಿಂತ ಮನೆಯಲ್ಲಿ ಉಳಿಯುವವರು ಸಾಕು ಅಂದರು. ಬರುವ ಜನ ಕಡಿಮೆಯಾದರು, ಆದಾಯ ಏರಿತು. 2021ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಉತ್ತಮ ಪ್ರವಾಸಿ ಗ್ರಾಮಗಳ ಮೊದಲ ಪಟ್ಟಿ ಮಾಡಿದಾಗ ಈ ಊರೂ ಅದರಲ್ಲಿತ್ತು, ತೆಲಂಗಾಣದ ಪೋಚಂಪಲ್ಲಿಯೂ ಇತ್ತು. ಮುಳ್ಳಯ್ಯನಗಿರಿಯ ವಾರಾಂತ್ಯದ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದವರು ಇದನ್ನು ಎರಡು ಸಲ ಓದಿ. ಆದರೂ ಶನಿವಾರ, ಭಾನುವಾರ ಬಸ್ಸುಗಳು ಬರುತ್ತವೆ, ವಾರದ ನಡುವೆ ಹೋಗಿ. ಚಿಲ್ಲರೆ ನೋಟು ಇಟ್ಟುಕೊಳ್ಳಿ.

ಹೊರಡುವಾಗ ಬು ಒಂದು ಕಿಲೋ ತಿವುಲ್ ಹಿಟ್ಟು ಕಟ್ಟಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಊರಿಗೆ ಬಂದ ಮೇಲೆ ಅಮ್ಮ ಅದರಲ್ಲಿ ಪುಂಡಿ ಕಡುಬು ಮಾಡಿದರು. ಕಲ್ಲಿನ ಹಾಗಾಯಿತು. ಇನ್ನೂ ಮುಕ್ಕಾಲು ಕಿಲೋ ಇದೆ, ಯಾರಿಗಾದರೂ ಸರಿಯಾದ ಅಳತೆ ಗೊತ್ತಿದ್ದರೆ ಹೇಳಿ.