ಹೆಸರು ಹೇಳದ ಅಂಪೈರ್‌ನ ಮಾತು ತೂಗಲು ಎಂಸಿಸಿಯ ನಿಯಮಾವಳಿ: ಎಷ್ಟು ಉಪಯೋಗ, ಎಲ್ಲಿ ಕೈಕೊಡುತ್ತದೆ

ವಿವಾದದ ಔಟ್ ಒಂದಾದರೆ ಸಾಕು, ವಾಟ್ಸ್‌ಆ್ಯಪ್‌ನಲ್ಲೋ ಫೇಸ್‌ಬುಕ್‌ನಲ್ಲೋ ಒಬ್ಬರು ಹಾಜರ್: "ನಾನೇ ಅಂಪೈರ್ ಕಣ್ರೀ, ನನಗೆ ರೂಲ್ಸ್ ಹೇಳ್ಕೊಡ್ಬೇಡಿ." ಪ್ರೊಫೈಲ್‌ನಲ್ಲಿ ಹೂವಿನ ಚಿತ್ರ, ಹೆಸರಿನ ಜಾಗದಲ್ಲಿ ಎರಡು ಅಕ್ಷರ. ಇಂಥವರಲ್ಲಿ ಬುರುಡೆ ಬಿಡುವವರೂ ಇದ್ದಾರೆ, ನಿಜವಾದ ಅಂಪೈರ್‌ಗಳೂ ಇದ್ದಾರೆ. ನಿಜವಾದವರು ಹೆಸರು ಮುಚ್ಚಿಡುವುದಕ್ಕೆ ಕಾರಣವೂ ಗಟ್ಟಿಯೇ. ಪ್ಯಾನೆಲ್‌ನಲ್ಲಿರುವವರು ಪಂದ್ಯದ ತೀರ್ಪುಗಳ ಬಗ್ಗೆ ಹೊರಗೆ ಮಾತಾಡುವುದನ್ನು ಸಂಸ್ಥೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾಗಿ ಹೆಸರು ಕೇಳಿ ಪ್ರಯೋಜನವಿಲ್ಲ, ಕೇಳಬೇಕಾದ್ದು ನಿಯಮದ ಸಂಖ್ಯೆ. ಆ ಸಂಖ್ಯೆಯನ್ನು ತಾಳೆ ನೋಡುವುದಕ್ಕೆ ಕ್ರಿಕೆಟ್‌ನ ನಿಯಮಗಳನ್ನು ಬರೆಯುವ ಲಂಡನ್ನಿನ ಮೆರಿಲ್‌ಬೋನ್ ಕ್ರಿಕೆಟ್ ಕ್ಲಬ್, ಅಂದರೆ ಎಂಸಿಸಿ, ತನ್ನ ತಾಣದಲ್ಲಿ ಪುಕ್ಕಟೆಯಾಗಿ ಇಟ್ಟಿರುವ ನಿಯಮಾವಳಿಗಿಂತ ಒಳ್ಳೆಯ ಸಾಧನ ಸದ್ಯಕ್ಕೆ ಇಲ್ಲ. ಆದರೆ ಅದನ್ನು ಬಳಸುವ ಕ್ರಮ ಗೊತ್ತಿರಬೇಕು.

ಒಟ್ಟು 42 ನಿಯಮಗಳು, ಪ್ರತಿಯೊಂದಕ್ಕೂ ಒಳಸಂಖ್ಯೆಗಳು. ಎಲ್‌ಬಿಡಬ್ಲ್ಯೂ, ಅಂದರೆ ವಿಕೆಟ್‌ಗೆ ಬಡಿಯಬೇಕಿದ್ದ ಚೆಂಡು ಬ್ಯಾಟರ್‌ನ ಮೈಗೆ ತಾಗಿ ಔಟ್ ಆಗುವುದು, 36ನೆಯದು. ಚೆಂಡು ಎಲ್ಲಿ ಪುಟಿಯಿತು ಎಂಬುದು 36.1.2, ಎಲ್ಲಿ ತಾಗಿತು ಎಂಬುದು 36.1.4, ವಿಕೆಟ್‌ಗೆ ಬಡಿಯುತ್ತಿತ್ತೇ ಎಂಬುದು 36.1.5. "ಆಫ್‌ಸ್ಟಂಪ್ ಹೊರಗೆ ತಾಗಿದೆ, ಮುಗೀತು, ನಾಟೌಟ್" ಎನ್ನುವವರಿಗೆ 36.1.4ರ ಎರಡನೇ ಭಾಗ ತೋರಿಸಿ. ಬ್ಯಾಟರ್ ಬ್ಯಾಟಿನಿಂದ ಆಡುವ ನಿಜವಾದ ಪ್ರಯತ್ನವನ್ನೇ ಮಾಡದಿದ್ದರೆ, ಹೊರಗೆ ತಾಗಿದರೂ ಔಟ್ ಆಗಬಹುದು. ಈ ಭಾಗ ಮರೆಯುವ ಅಂಪೈರ್ ಪರೀಕ್ಷೆ ಪಾಸಾಗಿರುವುದು ಕಷ್ಟ.

ನಿಯಮಾವಳಿಯ ಶಕ್ತಿ ಪೂರ್ತಿ ಕಾಣುವುದು 19.8ರಲ್ಲಿ. 2019ರ ಜುಲೈ 14, ಲಾರ್ಡ್ಸ್, ವಿಶ್ವಕಪ್ ಫೈನಲ್‌ನ ಕೊನೆಯ ಓವರ್. ನ್ಯೂಜಿಲೆಂಡ್‌ನ ಫೀಲ್ಡರ್ ಗಪ್ಟಿಲ್ ಎಸೆದ ಚೆಂಡು ಇಂಗ್ಲೆಂಡ್‌ನ ಸ್ಟೋಕ್ಸ್ ಬ್ಯಾಟಿಗೆ ತಗುಲಿ ಬೌಂಡರಿಗೆ ಹೋಯಿತು, ಇಂಗ್ಲೆಂಡ್‌ಗೆ 6 ರನ್ ಕೊಟ್ಟರು. 19.8ರ ಪ್ರಕಾರ ಬೌಂಡರಿಯ 4ರ ಜೊತೆ, ಓಡಿ ಮುಗಿಸಿದ ರನ್‌ಗಳು ಸೇರುತ್ತವೆ. ಓಡುತ್ತಿರುವ ರನ್ ಸೇರಬೇಕಾದರೆ, ಎಸೆದ ಕ್ಷಣಕ್ಕೆ ಇಬ್ಬರೂ ಒಬ್ಬರನ್ನೊಬ್ಬರು ದಾಟಿರಬೇಕು. ಎರಡನೇ ರನ್‌ಗೆ ಸ್ಟೋಕ್ಸ್, ರಶೀದ್ ಆಗಿನ್ನೂ ದಾಟಿರಲಿಲ್ಲ. ಅಂದರೆ 5 ರನ್, ಮುಂದಿನ ಎಸೆತಕ್ಕೆ ರಶೀದ್. ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿಯ (ಐಸಿಸಿ) ವರ್ಷದ ಅಂಪೈರ್ ಪ್ರಶಸ್ತಿಯನ್ನು 5 ಸಲ ಗೆದ್ದ ಸೈಮನ್ ಟೌಫೆಲ್ ಹೇಳಿದ್ದೂ ಇದನ್ನೇ. ಟೌಫೆಲ್ ಹೇಳಿದಾಗ ಜಗತ್ತು ಕೇಳಿತು. ಅದೇ ರಾತ್ರಿ ಹೆಸರಿಲ್ಲದ ಯಾರೋ 19.8 ಎಂದು ಬರೆದಿದ್ದರೆ ಆ ಮಾತಿಗೂ ಅಷ್ಟೇ ತೂಕ, ಯಾಕೆಂದರೆ ಇಬ್ಬರೂ ನಿಂತಿರುವುದು ಒಂದೇ ಸಾಲಿನ ಮೇಲೆ.

ಈ ಉಪನಿಯಮದಲ್ಲೇ ಒಂದು ಗುಂಡಿಯೂ ಇದೆ. ಅದರ ಒಳಗೆ "ಎಸೆತ ಅಥವಾ ಕ್ರಿಯೆಯ ಕ್ಷಣ" ಎಂದಿದೆ. ಬ್ಯಾಟಿಗೆ ತಗುಲಿದ್ದೇ ಆ ಕ್ರಿಯೆ, ಅಷ್ಟರಲ್ಲಿ ದಾಟಿದ್ದರು, ಹಾಗಾಗಿ 6 ಸರಿ ಎಂದು ವಾದಿಸುವವರಿದ್ದಾರೆ. ಶೀರ್ಷಿಕೆ ಓದಿದರೆ ವಾದ ನಿಲ್ಲುವುದಿಲ್ಲ: ಅಲ್ಲಿರುವುದು ಫೀಲ್ಡರ್ ಬೇಕೆಂದೇ ಮಾಡಿದ ಕ್ರಿಯೆ. ಬ್ಯಾಟಿಗೆ ತಗುಲುವುದು ಫೀಲ್ಡರ್‌ನ ಕ್ರಿಯೆಯಲ್ಲ. ಒಳಗಿನ ಸಾಲಿನ ಸ್ಕ್ರೀನ್‌ಶಾಟ್ ಮಾತ್ರ ಹಾಕುವವರ ಬಗ್ಗೆ ಹುಷಾರು, ತಲೆಬರಹ ಸೇರಿಸಿ ಹಾಕಲು ಹೇಳಿ.

ಇನ್ನು ಕೈಕೊಡುವ ಜಾಗಗಳು. ಮೊದಲನೆಯದು ಆವೃತ್ತಿ. ನಿಯಮ ಬದಲಾದದ್ದು ಗೊತ್ತಿಲ್ಲದೆ ಹಳೆಯ ಸಂಖ್ಯೆ ಹೇಳುವವರು ಸುಳ್ಳುಗಾರರಲ್ಲ, ಪಾಸಾದ ಮೇಲೆ ಪುಸ್ತಕ ಮುಚ್ಚಿಟ್ಟವರು. ಇವರನ್ನು ಗುರುತಿಸುವುದು ಸುಲಭ. ಬೇಗ ಕ್ರೀಸ್ ಬಿಟ್ಟ ನಾನ್‌ಸ್ಟ್ರೈಕರ್‌ನ ರನೌಟ್‌ಗೆ 41.16 ಎಂದರೆ ಅವರ ಜ್ಞಾನ 2022ರ ಹಿಂದಿನದು. ಆ ವರ್ಷದ ಅಕ್ಟೋಬರ್ 1ರಿಂದ ಅದು 38.3. ಕ್ಯಾಚ್ ಆಗುವಷ್ಟರಲ್ಲಿ ದಾಟಿದ್ದರೆ ಹೊಸ ಬ್ಯಾಟರ್ ಆಚೆ ತುದಿಗೆ ಎಂದರೂ ಅದೇ ಕಥೆ: ಈಗ ಓವರ್ ಮುಗಿಯದಿದ್ದರೆ ಹೊಸಬರೇ ಮುಂದಿನ ಎಸೆತ ಎದುರಿಸಬೇಕು. "ಹ್ಯಾಂಡಲ್ಡ್ ದ ಬಾಲ್" ಎಂಬ ಪ್ರತ್ಯೇಕ ಔಟ್ ಬಗ್ಗೆ ಮಾತಾಡಿದರೆ ಇನ್ನೂ ಹಿಂದೆ, 2017ಕ್ಕೂ ಮುಂಚೆ. ಈಗ ಅದು 37ರಲ್ಲಿ, ಫೀಲ್ಡಿಂಗ್‌ಗೆ ಅಡ್ಡಿಪಡಿಸಿದ್ದರ ಜೊತೆ ಸೇರಿದೆ. ಒಂದು ಸಣ್ಣ ಉಪಾಯ: ಹುಡುಕುವಾಗ "ಬ್ಯಾಟ್ಸ್‌ಮನ್" ಎಂದು ಟೈಪ್ ಮಾಡಬೇಡಿ. 2021ರಿಂದ ಪಠ್ಯದಲ್ಲಿರುವುದು "ಬ್ಯಾಟರ್". ಬೇಗ ಕ್ರೀಸ್ ಬಿಟ್ಟವರ ಆ ರನೌಟ್‌ಗೆ ಜನ ಕರೆಯುವ "ಮಂಕಡಿಂಗ್" ಎಂಬ ಹೆಸರಲ್ಲಿ ಹುಡುಕಿದರೂ ಏನೂ ಸಿಗದು.

ಎರಡನೆಯದು ದೊಡ್ಡ ಕೊರತೆ. ಎಂಸಿಸಿ ಕೊಡುವುದು ಆಟದ ಮೂಲ ನಿಯಮ. ಟಿವಿಯಲ್ಲಿ ಕಾಣುವ ಅಂತಾರಾಷ್ಟ್ರೀಯ ಪಂದ್ಯ ನಡೆಯುವುದು ಐಸಿಸಿಯ ಪ್ಲೇಯಿಂಗ್ ಕಂಡೀಷನ್ಸ್ (ಆಟದ ಷರತ್ತುಗಳು) ಮೇಲೆ, ಅದು ಟೆಸ್ಟ್, ಏಕದಿನ, ಟಿ20ಗೆ ಬೇರೆ ಬೇರೆ ಪಿಡಿಎಫ್. 2023ರ ನವೆಂಬರ್ 6ರಂದು ದೆಹಲಿಯಲ್ಲಿ ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ಟೈಮ್ಡ್ ಔಟ್ (ಹೊಸ ಬ್ಯಾಟರ್ ಹೊತ್ತಿಗೆ ಸರಿಯಾಗಿ ಸಿದ್ಧವಾಗದೆ ಔಟ್) ಆದಾಗ ಎಂಸಿಸಿ ಪುಟ ತೆರೆದು "3 ನಿಮಿಷ ಇದೆಯಲ್ಲ" ಎಂದವರು ಬಿದ್ದದ್ದು ಇಲ್ಲೇ. ವಿಶ್ವಕಪ್‌ನ ಷರತ್ತಿನಲ್ಲಿದ್ದದ್ದು 2 ನಿಮಿಷ. ಅದೂ ಕ್ರೀಸ್‌ಗೆ ಬಂದರೆ ಸಾಲದು, ಅಷ್ಟರೊಳಗೆ ಎಸೆತ ಎದುರಿಸಲು ಸಿದ್ಧವಾಗಿರಬೇಕು. ಹೆಲ್ಮೆಟ್ ಪಟ್ಟಿ ಕಿತ್ತುಬರುವ ಮುಂಚೆಯೇ ಸಮಯ ಮೀರಿತ್ತು ಎಂದು ನಾಲ್ಕನೇ ಅಂಪೈರ್ ಏಡ್ರಿಯನ್ ಹೋಲ್ಡ್‌ಸ್ಟಾಕ್ ವಿವರಿಸಿದ್ದರು. ಡಿಆರ್‌ಎಸ್ (ತೀರ್ಪಿನ ಮರುಪರಿಶೀಲನೆ) ಪ್ರಶ್ನೆಗಳಿಗಂತೂ ಎಂಸಿಸಿ ಪುಟದಲ್ಲಿ ಉತ್ತರವೇ ಇಲ್ಲ, ಅದು ಐಸಿಸಿ ಷರತ್ತಿನ ಅನುಬಂಧದಲ್ಲಿದೆ. ಸಂಖ್ಯೆಗಳು ಎರಡರಲ್ಲೂ ಬಹುಪಾಲು ಹೊಂದುವುದರಿಂದ ಯಾವ ಪಠ್ಯ ಓದುತ್ತಿದ್ದೇವೆ ಎಂಬುದೇ ಮರೆತುಹೋಗುತ್ತದೆ.

ಮೂರನೆಯದು ನಿಯಮಾವಳಿಯ ತಪ್ಪಲ್ಲ. 2023ರ ಜುಲೈ 2ರಂದು ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಬ್ಯಾಟರ್ ಬೇರ್‌ಸ್ಟೋ ಕ್ರೀಸ್ ಬಿಟ್ಟು ನಡೆದರು, ಆಸ್ಟ್ರೇಲಿಯಾದ ವಿಕೆಟ್‌ಕೀಪರ್ ಕೇರಿ ಸ್ಟಂಪ್ ಉರುಳಿಸಿದರು. ಇಲ್ಲಿ ಪ್ರಶ್ನೆ 20.1.2: ಫೀಲ್ಡಿಂಗ್ ತಂಡವೂ ಇಬ್ಬರು ಬ್ಯಾಟರ್‌ಗಳೂ ಚೆಂಡು ಆಟದಲ್ಲಿಲ್ಲ ಎಂದುಕೊಂಡಿದ್ದಾರೆ ಎಂಬುದು ಬೌಲರ್ ತುದಿಯ ಅಂಪೈರ್‌ಗೆ ಸ್ಪಷ್ಟವಾದರೆ ಚೆಂಡು ಡೆಡ್. ಕೇರಿ ಚೆಂಡು ಹಿಡಿದ ಕೂಡಲೇ ಎಸೆದಿದ್ದರು, ಹಾಗಾಗಿ ಒಂದು ತಂಡ ಹಾಗೆ ಅಂದುಕೊಂಡಿರಲಿಲ್ಲ. ಆದರೂ "ಸ್ಪಷ್ಟವಾದರೆ" ಎಂಬುದನ್ನು ನಿರ್ಧರಿಸುವುದು ಮೈದಾನದಲ್ಲಿ ನಿಂತವರು. ಅನುಭವಿಗಳು ಇಂಥಲ್ಲಿ ಒಂದು ಹೆಜ್ಜೆ ಹಿಂದೆ ಸರಿದು ಮಾತಾಡುತ್ತಾರೆ. ಎಲ್‌ಬಿಡಬ್ಲ್ಯೂ ವಿಷಯದಲ್ಲೂ ಅಷ್ಟೇ: ಪಾಯಿಂಟ್ ಕಡೆಯಿಂದ, ಅಂದರೆ ಪಿಚ್‌ನ ಪಕ್ಕದಿಂದ, ಮೊಬೈಲ್‌ನಲ್ಲಿ ತೆಗೆದ ತುಣುಕು ನೋಡಿ "ಪ್ಲಂಬ್" (ಖಂಡಿತ ಔಟ್) ಎಂದು ಘೋಷಿಸುವವರಿಗಿಂತ, "ಈ ಕೋನದಿಂದ ಲೈನ್ ಹೇಳೋಕಾಗಲ್ಲ, ಎತ್ತರ ಮಾತ್ರ ಅಂದಾಜು ಮಾಡಬಹುದು" ಎನ್ನುವವರನ್ನು ನಂಬಿ. (ಹೆಸರಿನ ಜೊತೆ ಬೆರಳೆತ್ತುವವರ ಪಾಡು ಬೇರೆ. 1999ರ ಫೆಬ್ರುವರಿ 7ರಂದು ಕೋಟ್ಲಾದಲ್ಲಿ ಕುಂಬ್ಳೆ ಹತ್ತೂ ವಿಕೆಟ್ ತೆಗೆದದ್ದು ನಮ್ಮ ಕರ್ನಾಟಕದ ಅಂಪೈರ್ ಎ.ವಿ. ಜಯಪ್ರಕಾಶ್ ನಿಂತಿದ್ದ ತುದಿಯಿಂದ. ಆ ತೀರ್ಪುಗಳನ್ನು ಕೆದಕುವವರು ಇವತ್ತಿಗೂ ಸಿಗುತ್ತಾರೆ.)

ಭಾಷೆ ಒಣ ಕಾನೂನಿನ ಇಂಗ್ಲಿಷ್. ಒಂದು ಉಪನಿಯಮ ಇನ್ನೆರಡಕ್ಕೆ ಕಳಿಸುತ್ತದೆ. ಮೊಬೈಲ್‌ನಲ್ಲಿ ಓದುವುದಾದರೆ ಪೂರ್ತಿ ಪಿಡಿಎಫ್ ಇಳಿಸಿಕೊಳ್ಳುವುದೇ ವಾಸಿ, ಜೊತೆಗೆ ಆ ಸರಣಿಯ ಐಸಿಸಿ ಷರತ್ತಿನ ಪ್ರತಿಯೂ ಇರಲಿ. ಊರಿನ ಟೆನಿಸ್ ಬಾಲ್ ಟೂರ್ನಿಗಳಿಗೆ ಮಾತ್ರ ಇವೆರಡೂ ಸಾಲವು. ಎಲ್‌ಬಿಡಬ್ಲ್ಯೂ ಇಲ್ಲದ ಪಂದ್ಯಗಳೇ ಅಲ್ಲಿ ಹೆಚ್ಚು, ವೈಡ್ ಗೆರೆ ಕಮಿಟಿಯವರು ಎಳೆದಲ್ಲಿ. ಟಾಸ್‌ಗೆ ಮುಂಚೆ ಕಮಿಟಿಯ ನಿಯಮಗಳನ್ನು ಬರೆಸಿ, ಎರಡೂ ಕ್ಯಾಪ್ಟನ್‌ಗಳ ಸಹಿ ಹಾಕಿಸಿ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಯಾರು ಅಂಪೈರ್ ಎಂದು ಬಂದರೂ ಆ ಹಾಳೆ ತೋರಿಸಬಹುದು.